ಮೊದಲು ಬಾಯಿಗೆ

ಸಮಾಯಿಲಿನ ಈ ಕಾಲುವೆಯ ಅಗಲ ಎರಡೇ ಗೇಣು.
ಫಲಜ್ ಅನ್ನುತ್ತಾರೆ. ನನ್ನ ಬಾಯಲ್ಲಿ ಮೊದಲ ದಿನವೇ
ಕರೇಜ್ ಅಂತ ಬಂತು.
ಬೀದರಿನ ನೌಬಾದಿನಲ್ಲಿ, ನೆಲದಡಿಯ ಸುರಂಗಕ್ಕೆ
ಹಗ್ಗ ಇಳಿಬಿಟ್ಟು ಕೊಡ ಎತ್ತಿದವಳು ನಮ್ಮ ಆಯಿ.
ಕತ್ತಲಲ್ಲಿ ನಡೆದು ಬರುವ ನೀರಿಗೆ
ಎಲ್ಲಿ ಹೋದರೂ ಅದೇ ಸಪ್ಪಳ.

ಇದರ ಲೆಕ್ಕ ನೋಡುವವನು ವಕೀಲ ಖಲ್ಫಾನ್,
ಕೋರ್ಟಿನವನಲ್ಲ, ನೀರಿನ ವಕೀಲ.
ಬೆರಳು ಮಡಿಚಿ ಕಲಿಸಿದ:
ಗುಡ್ಡದಿಂದ ಹೊರಬಿದ್ದ ಕಡೆ
ಮೊದಲು ಬಾಯಿಗೆ.
ಆಮೇಲೆ ಮಸೀದಿಗೆ ಬಂದವರ ಕೈಕಾಲಿಗೆ,
ಆಮೇಲೆ ಮೈಗೆ, ಬಟ್ಟೆಗೆ.
ಉಳಿದದ್ದೆಲ್ಲ ಖರ್ಜೂರಕ್ಕೆ.
ಕೊಳೆ ಕುಡಿಯುವವನ ಕೆಳಗಿರಬೇಕು,
ಕಾನೂನು ಅಂದರೆ ಇಷ್ಟೇ. ಅವನ ಮುತ್ತಜ್ಜನಿಗೂ ಇಷ್ಟೇ ಸಾಕಾಗಿತ್ತು.

ಈಗ ಬಾಯಿಗಿಂತ ಮೇಲೆ ಊರು ಬಂದಿದೆ.
ಗುಡ್ಡ ಕಡಿದು ನಲವತ್ತು ವಿಲ್ಲಾ, ಒಂದು ಕಾರ್ ವಾಷ್,
ಲಾಂಡ್ರಿ, ಕೂಲಿಯವರ ಕ್ಯಾಂಪು,
ನಾನಿರುವ ಮೂರಂತಸ್ತಿನ ಕಟ್ಟಡ.
ಡ್ರೈನೇಜ್ ಪೈಪು ನಕ್ಷೆಯಲ್ಲಿದೆ.
ನೆಲದಲ್ಲಿರುವುದು ಗುಂಡಿ.

ಪ್ರತಿ ಮಂಗಳವಾರ ಬಾಟಲಿ ತುಂಬುತ್ತೇನೆ, ಅದೇ ನನ್ನ ಅನ್ನ.
ನಾನು ಬಂದ ವರ್ಷ ನೈಟ್ರೇಟ್ ಹನ್ನೊಂದಿತ್ತು,
ಈಗ ಅರವತ್ತೆರಡು. ಐವತ್ತು ದಾಟಬಾರದು.
ಒಂದು ರಾತ್ರಿ ಬೆಚ್ಚಗಿಟ್ಟ ತಟ್ಟೆಯಲ್ಲಿ
ಎಳ್ಳು ಚೆಲ್ಲಿದ ಹಾಗೆ ನೀಲಿ ಚುಕ್ಕಿ ಏಳುತ್ತವೆ,
ಯಾರದೋ ಹೊಟ್ಟೆಯಿಂದ ಬಂದವು. ಹೆಸರು ಹೇಳುವುದಿಲ್ಲ.
ಕಾಲು ಇಳಿಬಿಟ್ಟರೆ ಹಿಮ್ಮಡಿ ಕಚ್ಚುತ್ತಿದ್ದ
ಬೆರಳುದ್ದದ ಮೀನು ಈ ವರ್ಷ ಕಾಣಲಿಲ್ಲ.
ರಿಪೋರ್ಟಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಕ್ಯಾಂಪಿನದೇ ಅಂತ ಎಲ್ಲರಿಗೂ ಗೊತ್ತಿತ್ತು.
ವಿಲ್ಲಾದವರು ಹೇಳಿದರು, ಕಾರ್ ವಾಷಿನವನು ಹೇಳಿದ,
ನಾನೂ ತಲೆ ಆಡಿಸಿದೆ: ಇನ್ನೂರು ಜನ, ಒಂದೇ ಗುಂಡಿ.
ಆಫೀಸು ಬಣ್ಣದ ಪುಡಿ ಕೊಟ್ಟಿತು,
ಮೇಲೆ ಗುಂಡಿಗೆ ಹಾಕು, ಕೆಳಗೆ ಕಾಲುವೆ ಕಾಯಿ.

ರಫೀಕುಲ್ ಟಾರ್ಚು ಹಿಡಿದ.
‘ಭಾಯ್, ನಮ್ಮದೇ ಬಂದರೆ ಎಲ್ಲರನ್ನೂ ವಾಪಸ್ ಕಳಿಸ್ತಾರಾ?’
ಗೊತ್ತಿಲ್ಲ ಅಂದೆ. ಗೊತ್ತಿತ್ತು.
ಹತ್ತು ದಿನ ಕಾದೆ. ನೀರು ನೀರಾಗಿಯೇ ಬಂತು.
ಲಾಂಡ್ರಿಗೆ ಹಾಕಿದೆ, ಬರಲಿಲ್ಲ.
ಕಡೆಗೆ, ಪಟ್ಟಿ ಪೂರ್ತಿಯಾಗಲಿ ಅಂತ,
ನನ್ನದೇ ಕಕ್ಕಸಿಗೆ ಅರ್ಧ ಡಬ್ಬಿ ಸುರಿದು
ಬಟನ್ ಒತ್ತಿ ಮಲಗಿದೆ.

ಮೂರನೆಯ ಬೆಳಗ್ಗೆ, ಫಜರ್ ಮುಗಿದ ಹೊತ್ತು,
ಖಲ್ಫಾನ್ ಬಂದು ಬಾಗಿಲು ಬಡಿದ.
ಹೋಗಿ ನೋಡಿದರೆ ಮೊದಲ ಮೆಟ್ಟಿಲ ಬಳಿ,
ಜನ ಬೊಗಸೆ ಒಡ್ಡುವ ಕಡೆ,
ಫಲಜ್ ಗಿಳಿಯ ರೆಕ್ಕೆಯಂತೆ ಹಸಿರು.
ಒಳಗಿಂದ ಹೊಳೆಯುವ ಹಸಿರು.
ಈ ಕಂದು ಗುಡ್ಡಗಳ ನಡುವೆ ಏಳು ವರ್ಷದಲ್ಲಿ
ಅಷ್ಟು ಚಂದದ್ದನ್ನು ನಾನು ನೋಡಿರಲಿಲ್ಲ.
ಒಬ್ಬ ಹುಡುಗ ನಗುತ್ತಾ ಕೈ ಅದ್ದಿದ.

ಅರಬಿಯಲ್ಲಿ ಮಾತು ಹುಡುಕಿದೆ, ಹಿಂದಿಯಲ್ಲಿ ಹುಡುಕಿದೆ,
ಕೊನೆಗೆ ಕನ್ನಡದಲ್ಲೇ ಅಂದೆ: ನಂದೇ.
ಖಲ್ಫಾನನಿಗೆ ತಿಳಿಯಿತೋ ಇಲ್ಲವೋ.
ಗಡಿಯಾರ ನೋಡಿದ. ಸೈಫನ ತೋಟದ ಪಾಳಿ ಮುಗಿದಿತ್ತು.
ಬಗ್ಗಿ ಕಲ್ಲು ಸರಿಸಿ, ಸಂದಿಗೆ ಚಿಂದಿ ತುರುಕಿ,
ಹಸಿರು ನೀರನ್ನು, ನಿಮಿಷ ಹೆಚ್ಚುಕಮ್ಮಿ ಆಗದಂತೆ,
ಪಕ್ಕದ ತೋಟಕ್ಕೆ ತಿರುಗಿಸಿದ.

‘ಮೂಲ’ ಅನ್ನುವ ಕಾಲಮ್ಮಿನಲ್ಲಿ
ನನ್ನ ವಿಳಾಸ ಬರೆದು ಕಳಿಸಿದ್ದೇನೆ.
ಉತ್ತರ ಬಂದಿಲ್ಲ.
ಫೋನಿನಲ್ಲಿ ಅವ್ವ ಕೇಳುತ್ತಾಳೆ, ‘ಅಲ್ಲಿ ನೀರು ಹ್ಯಾಂಗ್ ಅವ?’
ಚಲೋ ಅವ, ಅನ್ನುತ್ತೇನೆ.
ಸಂಜೆ ಜಳಕ ಮಾಡುವಾಗ
ಸೋಪಿನ ನೊರೆ ಜಾಲರಿಯ ಸುತ್ತ ಒಮ್ಮೆ ಸುಳಿದು
ಇಳಿಯುವುದನ್ನು ನಿಂತು ನೋಡುತ್ತೇನೆ.
ಹೊರಟಿತು.
ಮೂರನೆಯ ಬೆಳಗಿಗೆ ಮುಟ್ಟುತ್ತದೆ.